ಬಂದದ್ದೇ ಬೇರೆ, ಬೆಳೆದದ್ದೇ ಬೇರೆ

ಸ್ನೇಹಿತರೇ,

1935ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಕಬ್ಬಿನ ಗದ್ದೆಗಳಿಗೆಂದು ಹವಾಯಿಯಿಂದ ಸುಮಾರು 100 ಕೇನ್ ಟೋಡ್ ಕಪ್ಪೆಗಳನ್ನು ತರಿಸಿದರು. ಕಬ್ಬನ್ನು ಹಾಳುಮಾಡುವ ದುಂಬಿಗಳನ್ನು ಇವು ತಿಂದು ಮುಗಿಸುತ್ತವೆ ಎಂಬ ಲೆಕ್ಕಾಚಾರ. ದುಂಬಿಗಳಿಗೆ ಏನೂ ಆಗಲಿಲ್ಲ. ಕಪ್ಪೆಗಳು ಮಾತ್ರ ಖಂಡದ ಉತ್ತರ ಭಾಗದುದ್ದಕ್ಕೂ ಹಬ್ಬಿದವು. ಮನುಷ್ಯನ ದುಡುಕಿಗೆ ಉದಾಹರಣೆಯಾಗಿ ಈ ಕಥೆಯನ್ನು ನೀವು ಕೇಳಿರಬಹುದು. ನನಗೆ ಅದಕ್ಕಿಂತ ಕುತೂಹಲಕರವಾಗಿ ಕಾಣುವುದು ಒಂದು ಸಂಖ್ಯೆ. ಮೊದಲ ದಶಕಗಳಲ್ಲಿ ಈ ಕಪ್ಪೆಗಳು ವರ್ಷಕ್ಕೆ ಸುಮಾರು 10 ಕಿಲೋಮೀಟರ್ ಮುಂದೊತ್ತುತ್ತಿದ್ದವು. ಈ ಶತಮಾನದ ಆರಂಭದ ಹೊತ್ತಿಗೆ ಅದು 50 ಕಿಲೋಮೀಟರ್ ದಾಟಿತ್ತು.

ವೇಗ ಏಕೆ ಹೆಚ್ಚಿತು? ಜೀವವಿಜ್ಞಾನಿಗಳಾದ ರಿಚರ್ಡ್ ಶೈನ್, ಬೆನ್ ಫಿಲಿಪ್ಸ್ ಮತ್ತು ಸಂಗಡಿಗರು ಮುಂಚೂಣಿಯ ಕಪ್ಪೆಗಳನ್ನು ಹಿಡಿದು ಅಳೆದರು. ಹೊಸ ಜಾಗಕ್ಕೆ ಮೊದಲು ಬಂದು ಮುಟ್ಟುತ್ತಿದ್ದ ಕಪ್ಪೆಗಳ ಹಿಂಗಾಲುಗಳು, ತಡವಾಗಿ ಬಂದವುಗಳಿಗಿಂತ ಉದ್ದವಾಗಿದ್ದವು. ನಡಿಗೆಯೂ ಬೇರೆ: ಅತ್ತಿತ್ತ ಅಲೆಯದೆ ಹೆಚ್ಚು ನೇರವಾಗಿ ಸಾಗುತ್ತಿದ್ದವು. ಇದರ ಹಿಂದಿನ ತರ್ಕ ಸರಳ. ಗಡಿಯ ತುದಿಗೆ ತಲುಪುವುದೇ ವೇಗವಾಗಿ ಹೋಗಬಲ್ಲ ಕಪ್ಪೆಗಳು. ಅಲ್ಲಿ ಅವುಗಳಿಗೆ ಸಂಗಾತಿಯಾಗಿ ಸಿಗುವುದೂ ಅಂಥವೇ. ಹೀಗಾಗಿ ಅವುಗಳ ಮರಿಗಳಲ್ಲಿ ಕೆಲವು ತಂದೆತಾಯಿಯನ್ನೂ ಮೀರಿಸುತ್ತವೆ, ಮುಂದಿನ ಗಡಿಯನ್ನು ತಲುಪುವುದೂ ಅವೇ. ಗಮನಿಸಿ, ಇಲ್ಲಿ ಹೆಚ್ಚು ಮರಿ ಮಾಡಿದವರೇ ಗೆಲ್ಲಬೇಕೆಂಬ ನಿಯಮವಿಲ್ಲ. ಡಾರ್ವಿನ್ ವಿವರಿಸಿದ ಆಯ್ಕೆ ಕಾಲದಲ್ಲಿ ಸೋಸುತ್ತದೆ, ಇದು ಜಾಗದಲ್ಲಿ ಸೋಸುತ್ತದೆ. ಆ ಓಟಕ್ಕೆ ತೆರಬೇಕಾದ ಬೆಲೆಯೂ ಉಂಟು: ಮುಂಚೂಣಿಯ ದೊಡ್ಡ ಕಪ್ಪೆಗಳಲ್ಲಿ ಬೆನ್ನುಮೂಳೆಯ ಸಂಧಿವಾತ ಕಂಡುಬಂದಿದೆ.

ಹೀಗೆ ಹೊರಗಿನಿಂದ ಬಂದು ಎಗ್ಗಿಲ್ಲದೆ ಹಬ್ಬುವ ಆಕ್ರಮಣಕಾರಿ ಪ್ರಭೇದವೆಂದರೆ ಹುಟ್ಟಿನಿಂದಲೇ ಬಲಿಷ್ಠವಾದದ್ದು, ಎಲ್ಲಿ ಬಿಟ್ಟರೂ ಗೆಲ್ಲುವಂಥದ್ದು ಎಂದು ನಾವು ಭಾವಿಸುತ್ತೇವೆ. ನಾನು ಇದನ್ನು ಒಪ್ಪುವುದಿಲ್ಲ. ಎಷ್ಟೋ ಪ್ರಭೇದಗಳು ಬಂದ ಮೇಲೆ ದಶಕಗಟ್ಟಲೆ ಒಂದು ಮೂಲೆಯಲ್ಲಿ ತೆಪ್ಪಗಿದ್ದು, ಆಮೇಲೆ ಒಮ್ಮೆಲೇ ಹಬ್ಬುತ್ತವೆ. ಆ ಮೌನದ ಅವಧಿಗೆ ಕಾರಣಗಳು ಹಲವು, ವಿಕಾಸವೂ ಅವುಗಳಲ್ಲೊಂದು.

ಇಲ್ಲೊಂದು ಒಗಟಿದೆ. ಬೆರಳೆಣಿಕೆಯಷ್ಟು ಜೀವಿಗಳಿಂದ ಶುರುವಾದ ಸಂತತಿಯಲ್ಲಿ ವಂಶವಾಹಿಗಳ ವೈವಿಧ್ಯ ಕಡಿಮೆಯಿರಬೇಕು, ಅದು ಹೊಂದಿಕೊಳ್ಳಲಾರದೆ ಸೋಲಬೇಕು. ಹಾಗಾಗುವುದಿಲ್ಲವೇಕೆ? ಕ್ಯೂಬಾದ ಕಂದು ಅನೋಲ್ ಹಲ್ಲಿ ಫ್ಲಾರಿಡಾದಲ್ಲಿ ನೆಲೆಯೂರಿದ ಬಗೆ ಒಂದು ಉತ್ತರ. ಅದು ಬಂದದ್ದು ಒಂದೇ ಸಲವಲ್ಲ, ಒಂದೇ ಜಾಗದಿಂದಲೂ ಅಲ್ಲ. ತವರಿನಲ್ಲಿ ಎಂದೂ ಒಂದನ್ನೊಂದು ಕಾಣದ ಗುಂಪುಗಳು ಹೊಸ ನೆಲದಲ್ಲಿ ಕೂಡಿ ಬೆರೆತವು. ಕೊನೆಗೆ ಫ್ಲಾರಿಡಾದ ಹಲ್ಲಿಗಳಲ್ಲಿ ತವರಿನ ಗುಂಪುಗಳಿಗಿಂತಲೂ ಹೆಚ್ಚು ವೈವಿಧ್ಯ ಕಂಡುಬಂತು! ಸಸ್ಯಗಳು ಇನ್ನೂ ಒಂದು ಹೆಜ್ಜೆ ಮುಂದೆ. 19ನೇ ಶತಮಾನದಲ್ಲಿ ಇಂಗ್ಲೆಂಡಿನ ಕರಾವಳಿಯ ಕೆಸರಿನಲ್ಲಿ ಅಮೆರಿಕದಿಂದ ಬಂದ ಸ್ಪಾರ್ಟೈನಾ ಹುಲ್ಲು ಯೂರೋಪಿನ ಹುಲ್ಲಿನೊಂದಿಗೆ ಕೂಡಿ ಬಂಜೆ ಮಿಶ್ರತಳಿಯೊಂದು ಹುಟ್ಟಿತು. ವಂಶವಾಹಿಗಳನ್ನು ಹೊತ್ತ ಅದರ ವರ್ಣತಂತುಗಳು ಇಮ್ಮಡಿಯಾದಾಗ ಬೀಜ ಕಟ್ಟುವ, ಎಲ್ಲೂ ಇಲ್ಲದಿದ್ದ ಹೊಸ ಪ್ರಭೇದವೇ ಸಿದ್ಧವಾಯಿತು. ಆದ್ದರಿಂದ "ಈ ಪ್ರಭೇದ ಹೇಗೂ ಒಳಗೆ ಬಂದುಬಿಟ್ಟಿದೆ, ಇನ್ನು ತಡೆದು ಏನು ಪ್ರಯೋಜನ" ಎಂಬ ಮಾತು ತೀರಾ ಅಪಾಯಕಾರಿ. ಎರಡನೆಯ ಬರುವಿಕೆ ಮೊದಲನೆಯದಕ್ಕೆ ಬೇಕಿದ್ದ ವಂಶವಾಹಿಯನ್ನೇ ಹೊತ್ತು ತರಬಹುದು.

ಬದಲಾಗುವುದು ಬಂದವರಷ್ಟೇ ಅಲ್ಲ, ಇದ್ದವರೂ. ಫ್ಲಾರಿಡಾದಲ್ಲಿ ಸೋಪ್‌ಬೆರಿ ತಿಗಣೆ ಎಂಬ ಕೀಟವಿದೆ. ಅದರ ಮೂಲ ಆಹಾರ ಬಲೂನಿನಂತೆ ಊದಿದ ಕಾಯಿಯ ಒಂದು ಬಳ್ಳಿ. ಕಾಯಿಯ ಸಿಪ್ಪೆಯಿಂದ ನಡುವಿನ ಬೀಜದವರೆಗೆ ಟೊಳ್ಳು ಜಾಗ. ಅಷ್ಟು ಒಳಕ್ಕೆ ತೂರಬಲ್ಲ ಉದ್ದನೆಯ ಕೊಕ್ಕು ಬೇಕು. 20ನೇ ಶತಮಾನದಲ್ಲಿ ಅಲಂಕಾರಕ್ಕೆಂದು ಏಷ್ಯಾದ ಮರವೊಂದನ್ನು ನೆಟ್ಟರು. ಅದರ ಕಾಯಿ ಚಪ್ಪಟೆ, ಬೀಜ ಸಿಪ್ಪೆಗೆ ಹತ್ತಿರ. ಮ್ಯೂಸಿಯಮ್ಮುಗಳಲ್ಲಿದ್ದ ಹಳೆಯ ತಿಗಣೆಗಳನ್ನೂ ಹೊಸವನ್ನೂ ಸಂಶೋಧಕರಾದ ಸ್ಕಾಟ್ ಕ್ಯಾರಲ್ ಮತ್ತು ಕ್ರಿಸ್ಟಿನ್ ಬಾಯ್ಡ್ ಅಳೆದು, 1992ರಲ್ಲಿ ಫಲಿತಾಂಶ ಪ್ರಕಟಿಸಿದರು: ಹೊಸ ಮರದ ಮೇಲಿನ ತಿಗಣೆಗಳ ಕೊಕ್ಕು ಕೆಲವೇ ದಶಕಗಳಲ್ಲಿ ಗಿಡ್ಡವಾಗಿತ್ತು. ಇತ್ತ ಆಸ್ಟ್ರೇಲಿಯಾದಲ್ಲಿ ಮೈಯಲ್ಲಿ ವಿಷವಿರುವ ಕೇನ್ ಟೋಡ್ ಕಪ್ಪೆಯನ್ನು ನುಂಗಿ ಸಾಯುತ್ತಿದ್ದ ಕೆಂಪುಹೊಟ್ಟೆಯ ಕರಿಹಾವುಗಳೂ ಬದಲಾಗಿವೆ. ಕಪ್ಪೆಗಳು ಹಳೆಯದಾಗಿ ನೆಲೆಸಿರುವ ಪ್ರದೇಶದ ಹಾವುಗಳು ಆ ವಿಷವನ್ನು ಹೆಚ್ಚು ತಾಳಿಕೊಳ್ಳುತ್ತವೆ, ಕಪ್ಪೆಯನ್ನು ಮುಟ್ಟುವುದಕ್ಕೇ ಹಿಂಜರಿಯುತ್ತವೆ.

ಈ ತಿಳಿವಳಿಕೆಯನ್ನು ಕೆಲಸಕ್ಕೆ ಹಚ್ಚುವ ಒಂದು ವಿಚಿತ್ರ ಪ್ರಸ್ತಾಪವನ್ನೂ ಫಿಲಿಪ್ಸ್, ಶೈನ್ ಮತ್ತಿತರರು ಮುಂದಿಟ್ಟಿದ್ದಾರೆ. ಮುಂಚೂಣಿ ತಲುಪುವ ಮೊದಲೇ, ಕ್ವೀನ್ಸ್‌ಲ್ಯಾಂಡಿನ ನಿಧಾನಗತಿಯ ಕಪ್ಪೆಗಳನ್ನು ಅದರ ದಾರಿಯಲ್ಲಿ ಬಿಡುವುದು! ಅವು ಸಾವಕಾಶವಾಗಿ ಹರಡಿ ಜಾಗ ಹಿಡಿಯುತ್ತವೆ, ಓಡಿಬಂದವುಗಳೊಡನೆ ಪೈಪೋಟಿಗಿಳಿಯುತ್ತವೆ, ಬೆರೆತು ಅವುಗಳ ವೇಗವನ್ನೂ ತಗ್ಗಿಸುತ್ತವೆ. ಅವು ಹಿಡಿದ ಜಾಗದಾಚೆಯ ಒಣ ನೆಲದಲ್ಲಿ ಜಾನುವಾರುಗಳಿಗೆಂದು ಮಾಡಿದ ನೀರಿನ ತಾಣಗಳಿಗೆ ಕಪ್ಪೆ ಇಳಿಯದಂತೆ ನೋಡಿಕೊಂಡರೆ, ನಿಧಾನಗತಿಯ ಕಪ್ಪೆಗೆ ಆ ಒಣ ಹರವನ್ನು ದಾಟುವುದು ಕಷ್ಟ. ಕಪ್ಪೆ ತಡೆಯಲು ಕಪ್ಪೆಯನ್ನೇ ಬಿಡಬೇಕು ಎಂದಾಗ ಅಧಿಕಾರಿಗಳು 1935ನ್ನು ನೆನಪಿಸಿಕೊಂಡು ಹುಬ್ಬೇರಿಸಿದರೆ ನಾನಂತೂ ಅವರನ್ನು ದೂರುವುದಿಲ್ಲ. ಆದರೆ ಈ ಸಲ ಲೆಕ್ಕದಲ್ಲಿ ಕಪ್ಪೆಯ ಹಸಿವಿನ ಜೊತೆಗೆ ಅದರ ವಿಕಾಸವೂ ಸೇರಿದೆ.