ಕಲ್ಲಿನ ನೋವಿಗೆ ಯಾವ ಇಂಜೆಕ್ಷನ್?

ಕೇಳುಗರಿಗೆ ನಮಸ್ಕಾರ. ಬಿಸಿಲು ಏರಿದ ದಿನಗಳಲ್ಲಿ ನಮ್ಮ ಬದಿಯಡ್ಕ, ಕುಂಬಳೆ, ಮಂಜೇಶ್ವರದ ಕಡೆಯಿಂದ ರಾತ್ರೋರಾತ್ರಿ ಕ್ಯಾಶುವಾಲ್ಟಿಗೆ ಬರುವವರಲ್ಲಿ ಮೂತ್ರದ ಕಲ್ಲಿನವರು ಇದ್ದೇ ಇರುತ್ತಾರೆ. ಸೊಂಟದ ಬದಿಯಲ್ಲಿ ಶುರುವಾಗಿ ತೊಡೆಸಂದಿಗೆ ಇಳಿಯುವ ನೋವು. ಮಲಗಲೂ ಆಗದು, ಕೂರಲೂ ಆಗದು. ಜೊತೆಗೆ ಬಂದವರು ಕೈಮುಗಿಯುತ್ತಾರೆ: "ಡಾಕ್ಟ್ರೇ, ಇದ್ದುದರಲ್ಲಿ ಸ್ಟ್ರಾಂಗ್ ಇಂಜೆಕ್ಷನ್ ಕೊಟ್ಟುಬಿಡಿ."

ಅವರ ಮನಸ್ಸಿನಲ್ಲಿರುವುದು ಮಾರ್ಫಿನ್, ಪೆಥಿಡಿನ್‌ನಂಥ ಓಪಿಯಾಯ್ಡ್ ಮದ್ದು, ಅಂದರೆ ಅಫೀಮಿನ ಜಾತಿಯದು. ಅದು ನೋವಿನ ಸುದ್ದಿ ಮಿದುಳಿಗೆ ಮುಟ್ಟದಂತೆ ತಡೆಯುತ್ತದೆ. ಆದರೆ ಈ ನೋವು ಹುಟ್ಟುವ ಬಗೆ ನೋಡಿ. ಕಿಡ್ನಿಯಿಂದ ಮೂತ್ರ ಇಳಿಯುವ ನಾಳದಲ್ಲಿ ಕಲ್ಲು ಸಿಕ್ಕಿಕೊಂಡರೆ ಹಿಂದೆ ಮೂತ್ರ ಕಟ್ಟುತ್ತದೆ. ಆಗ ಪ್ರೊಸ್ಟಾಗ್ಲಾಂಡಿನ್ ಎಂಬ ವಸ್ತು ಹೆಚ್ಚಿ, ಕಿಡ್ನಿಗೆ ರಕ್ತ ಜಾಸ್ತಿ ಹರಿದು, ಒತ್ತಡ ಇನ್ನೂ ಏರುತ್ತದೆ. ಡೈಕ್ಲೋಫೆನಾಕ್ ಎಂಬ ನೋವಿನ ಮದ್ದು ತಡೆಯುವುದು ಆ ವಸ್ತುವನ್ನೇ; ಇದು ಓಪಿಯಾಯ್ಡ್ ಅಲ್ಲ.

ನಮ್ಮ ಎಷ್ಟೋ ಮನೆಯ ಮಕ್ಕಳು ದುಡಿಯುವ ಕತಾರಿನಲ್ಲೇ ಇದನ್ನು ಪರೀಕ್ಷಿಸಿದ್ದಾರೆ. 2016ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 1,645 ರೋಗಿಗಳಿದ್ದರು. ಕೆಲವರಿಗೆ 75 ಮಿಲಿಗ್ರಾಂ ಡೈಕ್ಲೋಫೆನಾಕ್, ಕೆಲವರಿಗೆ ನರಕ್ಕೆ 1 ಗ್ರಾಂ ಪ್ಯಾರಾಸಿಟಮಾಲ್, ಉಳಿದವರಿಗೆ ತೂಕ ನೋಡಿ ಮಾರ್ಫಿನ್. ಅರ್ಧ ಗಂಟೆಯಲ್ಲಿ ನೋವು ಅರ್ಧಕ್ಕಾದರೂ ಇಳಿದದ್ದು ಕ್ರಮವಾಗಿ ನೂರಕ್ಕೆ 68, 66 ಮತ್ತು 61 ಜನರಿಗೆ. ಅಡ್ಡ ಪರಿಣಾಮ ಮಾರ್ಫಿನ್‌ನವರಲ್ಲೇ ಜಾಸ್ತಿ. ಅಂತರ ದೊಡ್ಡದಲ್ಲ, ನಿಜ. ಆದರೆ ಸ್ಟ್ರಾಂಗ್ ಮದ್ದೇ ಗೆಲ್ಲಬೇಕಿತ್ತಲ್ವಾ?

ಓಪಿಯಾಯ್ಡ್‌ಗಳೆಲ್ಲ ಒಂದೇ ಥರವೂ ಅಲ್ಲ. ಮಾರ್ಫಿನ್ ನಾಳವನ್ನು ಬಿಗಿಮಾಡುತ್ತದೆ, ಹಾಗಾಗಿ ಕಲ್ಲಿಗೆ ಪೆಥಿಡಿನ್ ಒಳ್ಳೆಯದು ಎನ್ನುತ್ತಿದ್ದ ಕಾಲವಿತ್ತು. ಹೋಲಿಸಿ ನೋಡಿದಾಗ ಪೆಥಿಡಿನ್ ಮೇಲು ಅನ್ನುವುದಕ್ಕೆ ಆಧಾರ ಸಿಗಲಿಲ್ಲ. ಡೈಕ್ಲೋಫೆನಾಕ್‌ನಂಥ ಮದ್ದಿಗಿಂತ ಅದರಲ್ಲಿ ವಾಂತಿ ಜಾಸ್ತಿ. ಕಿಡ್ನಿ ಸೋತವರ ಮೈಯಲ್ಲಿ ಅದರ ಉಳಿಕೆ ನಿಂತು ಫಿಟ್ಸ್ ಕೂಡ ಬರಬಹುದು. ನನ್ನನ್ನು ಕೇಳಿದರೆ ಪೆಥಿಡಿನ್ ಬೇಡ.

ಹಾಗಂತ ಮಾರ್ಫಿನ್ ಬೇಡವೇ ಬೇಡ ಅಂತಲ್ಲ. ಹೊಟ್ಟೆಹುಣ್ಣು ಇರುವವರಿಗೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ, ಬಸುರಿಯರಿಗೆ, ಕಿಡ್ನಿ ಕುಂದಿದವರಿಗೆ ಡೈಕ್ಲೋಫೆನಾಕ್ ಆಗಿಬರುವುದಿಲ್ಲ. ಅಂಥವರಿಗೆ ಪ್ಯಾರಾಸಿಟಮಾಲ್ ಸಾಲದಿದ್ದರೆ ಓಪಿಯಾಯ್ಡ್ ಅಳೆದು ಕೊಡುತ್ತೇವೆ. ಆಸ್ಪತ್ರೆಯ ಒಂದೆರಡು ಡೋಸ್‌ಗೆ ಚಟ ಹತ್ತುತ್ತದೆ ಅಂತ ಹೆದರಿ, ನರಳುವವರನ್ನು ಸುಮ್ನೆ ಕಾಯಿಸಬೇಡಿ. ನಿಮಗಿರುವ ಕಾಯಿಲೆ, ನುಂಗುವ ಮಾತ್ರೆ, ಅಲರ್ಜಿ, ಎಲ್ಲವನ್ನೂ ಮೊದಲೇ ಹೇಳಿಬಿಡಿ.

ನೋವಿನ ಜೊತೆ ಚಳಿಜ್ವರ ಬಂದರೆ, ಮೂತ್ರ ನಿಂತೇ ಹೋದರೆ, ಬಾಳೆದಿಂಡಿನ ರಸ ಕುಡಿದು ಬೆಳಗಾಗಲಿ ಎಂದು ಕೂರಬೇಡಿ. ಕಟ್ಟಿದ ಮೂತ್ರಕ್ಕೆ ಸೋಂಕು ತಗುಲಿದರೆ ಜೀವಕ್ಕೇ ಅಪಾಯ. ಆ ರಾತ್ರಿಯೇ ಹೊರಟುಬನ್ನಿ. ನಮಸ್ಕಾರ.