ಹತ್ತು ರೂಪಾಯಿಯ ಜಗಳ

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮೂರಿನ ಪುರಸಭೆಯ ಸಭಾಂಗಣದಲ್ಲಿ ಕೊನೆಯ ಸಾಲಿಗೆ ನಾಲ್ಕು ಪ್ಲಾಸ್ಟಿಕ್ ಕುರ್ಚಿ ಹಾಕಿರುತ್ತಾರೆ. ಅವು ಸಾರ್ವಜನಿಕರಿಗೆ. ನಾನು ಕೆಲಸದಿಂದ ನಿವೃತ್ತನಾದ ಮೇಲೆ ಅದರಲ್ಲಿ ಒಂದು ಹೆಚ್ಚುಕಡಿಮೆ ನನ್ನದೇ ಆಗಿಬಿಟ್ಟಿದೆ. ಇನ್ನೊಂದರಲ್ಲಿ ಪತ್ರಿಕೆಯ ವರದಿಗಾರರು ಕೂರುತ್ತಾರೆ. ಮೂರನೆಯದರಲ್ಲಿ ಅವರ ಬ್ಯಾಗು. ನಾಲ್ಕನೆಯದು ಯಾವಾಗಲೂ ಖಾಲಿ. ಪುರಸಭೆಯ ಸಾಮಾನ್ಯ ಸಭೆಗೆ ಊರಿನ ಯಾರು ಬೇಕಾದರೂ ಹೋಗಿ ಕೂರಬಹುದು ಅಂತ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ನಾವು ಮಾತಾಡುವ ಹಾಗಿಲ್ಲ, ಅಷ್ಟೆ. ಕೇಳಬಹುದು.

ನಮ್ಮದು 23 ವಾರ್ಡಿನ ಊರು. ಜನಸಂಖ್ಯೆ 20 ಸಾವಿರ ದಾಟಿದ್ದರೆ ಪುರಸಭೆ, 50 ಸಾವಿರ ದಾಟಿದರೆ ನಗರಸಭೆ, ಇದು ಕರ್ನಾಟಕದ ಲೆಕ್ಕ. 23 ಸದಸ್ಯರು, ಸರ್ಕಾರ ನಾಮಕರಣ ಮಾಡಿದ ಕೆಲವರು, ಎದುರಿಗೆ ಅಧ್ಯಕ್ಷರು, ಪಕ್ಕದಲ್ಲಿ ಮುಖ್ಯಾಧಿಕಾರಿ. ಶಾಸಕರಿಗೂ ಸಂಸದರಿಗೂ ಇಲ್ಲಿ ಮತದ ಹಕ್ಕಿದೆ. ಅಧ್ಯಕ್ಷರ ಚುನಾವಣೆಯ ದಿನ ಮಾತ್ರ ಅದು ಅವರಿಗೆ ತಪ್ಪದೆ ನೆನಪಾಗುತ್ತದೆ.

ಮೊನ್ನೆಯ ಸಭೆಯಲ್ಲಿ ಒಂದು ವಿಷಯ ಬಂತು. ವಾರದ ಸಂತೆಯ ಸುಂಕ. ಬುಟ್ಟಿಯಲ್ಲಿ ತಂದು ನೆಲದ ಮೇಲೆ ಹರಡಿಕೊಂಡು ಮಾರುವವರಿಗೆ 10 ರೂಪಾಯಿ ಇತ್ತು. ಅದನ್ನು 20 ಮಾಡೋಣ ಅಂತ ಕಚೇರಿಯ ಟಿಪ್ಪಣಿ.

ಒಬ್ಬ ಸದಸ್ಯರು ಎದ್ದರು. "ಸೊಪ್ಪು ಮಾರೋ ಅಜ್ಜಿ ಹತ್ರ ಇಪ್ಪತ್ತು ರೂಪಾಯಿ ಕೇಳೋಕೆ ಮನಸ್ಸಾದ್ರೂ ಹೇಗೆ ಬರುತ್ತೆ ಅಧ್ಯಕ್ಷರೇ?" ಮೇಜು ಕುಟ್ಟಿದರು. ಎದುರು ಸಾಲಿನಿಂದ ಇನ್ನೊಬ್ಬರು, "ಸಂತೆ ಮುಗಿದ ಮೇಲೆ ಕಸ ಬಳಿಯೋಕೆ ನಿಮ್ಮ ಅಜ್ಜಿ ಬರ್ತಾರಾ?" ಅಂದರು. ಗದ್ದಲವೋ ಗದ್ದಲ. ಅಜ್ಜಿ ಅಂದದ್ದನ್ನು ವಾಪಸ್ ತಗೊಳ್ಳಬೇಕು ಅಂತ ಒಂದು ಗುಂಪು ಅಧ್ಯಕ್ಷರ ಮುಂದೆ ಬಂದು ನಿಂತಿತು. ಅಷ್ಟರಲ್ಲಿ ಚಹಾ ಬಂತು, ಎಲ್ಲರೂ ಕೂತರು.

ಚಹಾ ಮುಗಿದ ಮೇಲೆ ಒಬ್ಬ ಸದಸ್ಯೆ ಎದ್ದರು. ಅವರು ಜಾಸ್ತಿ ಮಾತಾಡುವವರಲ್ಲ. "ಸಂತೆ ಮೈದಾನದಲ್ಲಿ ಹೆಣ್ಮಕ್ಕಳಿಗೆ ಒಂದು ಶೌಚಾಲಯ ಇಲ್ಲ. ಬೆಳಿಗ್ಗೆ ಬಂದವರು ಸಂಜೆ ಊರಿಗೆ ಹೋಗೋ ತನಕ ನೀರು ಕುಡಿಯಲ್ಲ. ಮೊದಲು ಅದನ್ನ ಕಟ್ಟಿಸಿ, ಆಮೇಲೆ ಮೂವತ್ತು ಬೇಕಾದ್ರೂ ಕೇಳಿ" ಅಂದರು. ಒಂದೂವರೆ ಗಂಟೆಯ ಚರ್ಚೆಯಲ್ಲಿ ನನಗೆ ತೂಕದ ಮಾತು ಅನ್ನಿಸಿದ್ದು ಇದೊಂದೇ. ನಡಾವಳಿಯಲ್ಲಿ ಮಾತ್ರ "ಸದಸ್ಯರು ಸುದೀರ್ಘವಾಗಿ ಚರ್ಚಿಸಿ" ಅಂತ ಬರೆದಿದ್ದಾರೆ. ಶೌಚಾಲಯದ ಸುದ್ದಿ ಇಲ್ಲ. ಕೊನೆಗೆ 15 ರೂಪಾಯಿ ಅಂತ ತೀರ್ಮಾನವಾಯಿತು. ಎರಡೂ ಕಡೆಯವರಿಗೆ ಗೆದ್ದ ಸಮಾಧಾನ.

ಮುಂದಿನ ಸಂತೆಯ ದಿನ ನಾನು ಚೀಲ ಹಿಡಿದು ಹೋದೆ. ಮೆಂತ್ಯ ಸೊಪ್ಪು ತಗೊಳ್ಳುತ್ತಾ, "ಅಮ್ಮಾ, ಸುಂಕ ಹದಿನೈದು ಆಗುತ್ತಂತೆ" ಅಂದೆ. ಆಕೆ ನನ್ನ ಮುಖ ನೋಡಿದರು. "ಕಮ್ಮಿ ಮಾಡಿದ್ರಾ ಸಾಮಿ? ನಾನು ಹೋದ ವರ್ಷದಿಂದ ಇಪ್ಪತ್ತು ಕೊಡ್ತಿದೀನಲ್ಲ!"

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಅಂತ ಗಾದೆ ಇದೆ ಅಲ್ವಾ? ಆ ಸುಂಕದವನು ಪುರಸಭೆಯವನಲ್ಲ. ಸಂತೆ ಸುಂಕ ಎತ್ತುವ ಹಕ್ಕನ್ನು ವರ್ಷಕ್ಕೊಮ್ಮೆ ಹರಾಜು ಹಾಕುತ್ತಾರೆ. ಬಸ್ ನಿಲ್ದಾಣದ ಶುಲ್ಕ, ಮಾಂಸದ ಅಂಗಡಿ, ಇವೂ ಹಾಗೆಯೇ. ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಗುತ್ತಿಗೆ. ಹಠಕ್ಕೆ ಬಿದ್ದು ಕೂಗಿದವನು ಆ ದುಡ್ಡನ್ನು ಎಲ್ಲಿಂದಾದರೂ ಹುಟ್ಟಿಸಬೇಕು. ದರಪಟ್ಟಿಯ ಬೋರ್ಡು ಹಾಕಬೇಕು, ರಸೀದಿ ಕೊಡಬೇಕು ಅಂತ ಗುತ್ತಿಗೆಯ ಷರತ್ತಿನಲ್ಲೇ ಇದೆ. ರಸೀದಿ ಕೇಳಿದರೆ ಮುಂದಿನ ವಾರ ಕೂರೋಕೆ ಜಾಗ ಸಿಗುವುದಿಲ್ಲ ಅನ್ನುವುದು ಷರತ್ತಿನಲ್ಲಿಲ್ಲ, ಅದು ಎಲ್ಲರಿಗೂ ಗೊತ್ತಿರುವ ವಿಷಯ. 2014ರಲ್ಲಿ ಬೀದಿ ವ್ಯಾಪಾರಿಗಳ ಕಾನೂನು ಬಂತು. ಬೀದಿ ವ್ಯಾಪಾರದ ವಿಷಯ ನೋಡುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕಡಿಮೆ ಅಂದರೂ ಶೇ. 40ರಷ್ಟು ಜನ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು ಇರಬೇಕು ಅಂತ ಅದು ಹೇಳುತ್ತದೆ. ಮೊನ್ನೆಯ ಒಂದೂವರೆ ಗಂಟೆಯಲ್ಲಿ ಆ ಸಮಿತಿಯ ಹೆಸರು ಯಾರ ಬಾಯಲ್ಲೂ ಬರಲಿಲ್ಲ.

ಪುರಸಭೆಗೆ ಈ ಹತ್ತು ಇಪ್ಪತ್ತರ ಚಿಂತೆ ಯಾಕೆ ಅಂತ ನೀವು ಕೇಳಬಹುದು. ಅದರ ಜೇಬು ತುಂಬಾ ಚಿಕ್ಕದು. ಒಂದು ಕಾಲದಲ್ಲಿ ಊರಿನ ಬಾಗಿಲಲ್ಲೇ ಆಕ್ಟ್ರಾಯ್ ಎತ್ತುತ್ತಿದ್ದರು. ಊರೊಳಗೆ ಬರುವ ಸರಕಿಗೆಲ್ಲ ಸುಂಕ. ಬೆಂಗಳೂರಿನ ಸುಂಕದಕಟ್ಟೆಯ ಹೆಸರು ಕೇಳಿದರೆ ಈಗಲೂ ನನಗೆ ಆ ನಾಕಾಗಳದ್ದೇ ನೆನಪು. 1979ರಲ್ಲಿ ಕರ್ನಾಟಕ ಆಕ್ಟ್ರಾಯ್ ತೆಗೆದುಹಾಕಿತು. ಲಾರಿಗಳು ಸಾಲುಗಟ್ಟಿ ನಿಲ್ಲುವುದು ತಪ್ಪಿತು, ಒಳ್ಳೆಯದೇ. ಆದರೆ ಪ್ರವೇಶ ತೆರಿಗೆ ಅಂತ ಬಂದ ಹೊಸ ತೆರಿಗೆ ಹೋಗಿದ್ದು ರಾಜ್ಯದ ಖಜಾನೆಗೆ. ಅಲ್ಲಿಂದ ಊರುಗಳು ಅನುದಾನಕ್ಕೆ ಕೈಯೊಡ್ಡುವುದು ಜಾಸ್ತಿಯಾಯಿತು. ಕೇಂದ್ರದ 15ನೇ ಹಣಕಾಸು ಆಯೋಗದ ದುಡ್ಡು ಬಂದಾಗಲೂ ಅದರಲ್ಲಿ ಶೇ. 60 ನೀರು ಮತ್ತು ನೈರ್ಮಲ್ಯಕ್ಕೇ ಖರ್ಚಾಗಬೇಕು ಅಂತ ಕಟ್ಟು ಇತ್ತು. ಕೂತು ಜಗಳ ಆಡಿ, ಇಷ್ಟೇ ಇರಲಿ ಅಂತ ಸದಸ್ಯರೇ ಹೇಳಬಹುದಾದ ದುಡ್ಡು ಅಂದರೆ ನೀರಿನ ದರ, ಲೈಸೆನ್ಸು, ಮಳಿಗೆ ಬಾಡಿಗೆ, ಈ ಸಂತೆ ಸುಂಕ.

ಮನೆ ಕಂದಾಯ ಇದೆಯಲ್ಲ ಅನ್ನುತ್ತೀರಿ. ಇದೆ. ಆದರೆ ಅದರಲ್ಲೂ ಸದಸ್ಯರ ಕೈ ಕಟ್ಟಿದೆ. ವರ್ಷಕ್ಕೆ ಶೇ. 3ರಿಂದ 5ರೊಳಗೆ ಏರಿಸಬೇಕು ಅಂತ ನಿಯಮ. ನಮ್ಮ ಸಭೆಯಲ್ಲಿ ಈ ವಿಷಯ ಐದು ನಿಮಿಷದಲ್ಲಿ ಮುಗಿಯುತ್ತದೆ. ಎಲ್ಲ ಪಕ್ಷದವರೂ ಒಂದೇ ದನಿಯಲ್ಲಿ "ಮೂರು" ಅನ್ನುತ್ತಾರೆ.

ನಿಮ್ಮ ಕಂದಾಯದ ಚಲನ್ ಯಾವತ್ತಾದರೂ ಓದಿದ್ದೀರಾ? ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ. 5 ರಿಯಾಯಿತಿ ಅನ್ನುವ ಸಾಲನ್ನು ಎಲ್ಲರೂ ಓದಿರುತ್ತಾರೆ. ಅದರ ಕೆಳಗೆ ನೋಡಿ. ಆರೋಗ್ಯ ಉಪಕರ ಶೇ. 15. ಗ್ರಂಥಾಲಯ ಉಪಕರ 6. ಭಿಕ್ಷುಕರ ಉಪಕರ 3. ನಗರ ಸಾರಿಗೆ ಉಪಕರ 2. ಒಟ್ಟು 26. ನಿಮ್ಮ ಕಂದಾಯ 2,000 ರೂಪಾಯಿ ಆದರೆ ಅದರ ಮೇಲೆ 520 ರೂಪಾಯಿ. ಇದರಲ್ಲಿ ಹೆಚ್ಚಿನ ಪಾಲನ್ನು ಪುರಸಭೆ ಬರೀ ಎತ್ತಿಕೊಡಬೇಕು, ಇಟ್ಟುಕೊಳ್ಳುವ ಹಾಗಿಲ್ಲ. ಗ್ರಂಥಾಲಯದ್ದು 1965ರ ಕಾನೂನು, ಭಿಕ್ಷುಕರದ್ದು 1975ರದ್ದು. ಬಿಲ್ ಕಲೆಕ್ಟರ್ ಮನೆಮನೆಗೆ ಹೋಗಿ ಬೈಸಿಕೊಳ್ಳುವುದು ಈ ದುಡ್ಡಿಗೂ ಸೇರಿ. ಎಷ್ಟೋ ಕಡೆ ಪುರಸಭೆಗಳು ಈ ಉಪಕರವನ್ನು ಎತ್ತಿ, ಕಟ್ಟಬೇಕಾದ ಕಡೆ ಕಟ್ಟದೆ ಬಾಕಿ ಇಟ್ಟುಕೊಂಡಿವೆ. ಗ್ರಂಥಾಲಯದಲ್ಲಿ ಹೊಸ ಪುಸ್ತಕ ಇಲ್ಲ ಅಂತ ಗೊಣಗುವಾಗ ನಾನು ಇದನ್ನೂ ಒಂದು ಸಲ ನೆನೆಯುತ್ತೇನೆ.

ಬೈಲಾದ ವಿಷಯಕ್ಕೆ ಬರೋಣ. ಬೈಲಾ ಅಂದರೆ ಊರಿನ ಮಟ್ಟದ ಸಣ್ಣ ಕಾನೂನು, ಉಪವಿಧಿ. 2016ರ ಘನತ್ಯಾಜ್ಯ ನಿಯಮಗಳು ಪ್ರತಿ ಊರೂ ಕಸಕ್ಕೆ ತನ್ನದೇ ಬೈಲಾ ಮಾಡಿಕೊಳ್ಳಬೇಕು, ಬಳಕೆದಾರರ ಶುಲ್ಕ ತಗೊಳ್ಳಬೇಕು ಅಂದವು. ಹಸಿ ಕಸ, ಒಣ ಕಸ ಬೇರೆ ಮಾಡಿ ಅಂತ ಬೆಳಿಗ್ಗೆ ಕಸದ ಗಾಡಿ ಹಾಡು ಹಾಕಿಕೊಂಡು ಬರುವುದು ಅದರಿಂದಲೇ. ಇಂಥದ್ದೇನಾದರೂ ತರುವ ಮೊದಲು ಪುರಸಭೆ ಕರಡು ಪ್ರಕಟಿಸಬೇಕು. 30 ದಿನ ಆಕ್ಷೇಪಣೆಗೆ ಸಮಯ. ಪತ್ರಿಕೆಯ ಮೂಲೆಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಒಂದು ಪ್ರಕಟಣೆ ಬರುತ್ತದೆ. ನೋಟಿಸ್ ಬೋರ್ಡಿನಲ್ಲಿ ಒಂದು ಹಾಳೆ ಅಂಟಿಸುತ್ತಾರೆ, ಮಾರನೇ ದಿನ ಅದರ ಮೇಲೆ ಇನ್ನೊಂದು ಹಾಳೆ.

ನಮ್ಮೂರಿನ ಕಸದ ಬೈಲಾದ ಕರಡು ಬಂದ ವರ್ಷ ನಾನೊಂದು ಆಕ್ಷೇಪಣೆ ಬರೆದೆ. ವರ್ಷವಿಡೀ ಬೀಗ ಹಾಕಿದ ಮನೆಗೂ, ಎಂಟು ಜನ ಇರುವ ಮನೆಗೂ, ದಿನಾ ನೂರಾರು ಎಲೆ ಬೀಳುವ ಕಲ್ಯಾಣ ಮಂಟಪಕ್ಕೂ ಶುಲ್ಕದಲ್ಲಿ ಸರಿಯಾದ ಅಂತರ ಇರಲಿ ಅಂತ. ಕಚೇರಿಗೆ ಹೋಗಿ ಕೊಟ್ಟೆ. ಗುಮಾಸ್ತರು ಎರಡೆರಡು ಸಲ ಓದಿದರು. ಸೀಲು ಹಾಕಿ ಇನ್‌ವರ್ಡ್ ನಂಬರ್ ಬರೆದರು. ಆಮೇಲೆ ತಲೆ ಕೆರೆದುಕೊಂಡು, "ಸಾರ್, ಇದನ್ನ ಯಾವ ಫೈಲಿಗೆ ಹಾಕೋದು?" ಅಂದರು. ಅಂಥ ಫೈಲೇ ಇರಲಿಲ್ಲ. ಅಲ್ಲಿಯವರೆಗೆ ಯಾರೂ ಆಕ್ಷೇಪಣೆ ಕೊಟ್ಟಿರಲಿಲ್ಲ. ಶುಲ್ಕ ಬಂದ ಮೇಲೆ ಮಾತ್ರ ನಮ್ಮ ಬೀದಿಯವರೆಲ್ಲ ನನ್ನ ಮನೆ ಕಟ್ಟೆಯ ಮೇಲೆ ಕೂತು ಪುರಸಭೆಯನ್ನು ಬೈದರು. ನಾನೂ ಸೇರಿಕೊಂಡೆ ಅನ್ನಿ.

ಇಷ್ಟಾದರೂ ಆ ಮೇಜು ಕುಟ್ಟುವ ಜಗಳ ನನಗೆ ಬೇಕು. ಯಾಕೆ ಅಂದರೆ ಜಗಳ ಇಲ್ಲದ ಕಾಲವನ್ನೂ ನೋಡಿದ್ದೇನೆ. 2018ರ ಆಗಸ್ಟ್‌ನಲ್ಲಿ ರಾಜ್ಯದ ನೂರಕ್ಕೂ ಹೆಚ್ಚು ಊರುಗಳಿಗೆ ಚುನಾವಣೆ ಆಯಿತು. ಗೆದ್ದವರು ಹಾರ ಹಾಕಿಸಿಕೊಂಡರು. ಅಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ಕೋರ್ಟಿಗೆ ಹೋಯಿತು. ಅಧ್ಯಕ್ಷರು ಬಂದಿದ್ದು 2020ರ ಕೊನೆಗೆ. ಎರಡು ವರ್ಷ ಸಭೆ ಇಲ್ಲ, ಆಡಳಿತಾಧಿಕಾರಿಯದ್ದೇ ಸಹಿ. ಗೆದ್ದ ಸದಸ್ಯರು ಮದುವೆ ಮನೆಗಳಲ್ಲಿ ಮುಂದಿನ ಸಾಲಿನಲ್ಲಿ ಕೂರುವುದಕ್ಕಷ್ಟೇ ಸದಸ್ಯರು. ಅಧ್ಯಕ್ಷರ ಮೊದಲ ಅವಧಿ ಮುಗಿದ ಮೇಲೆ 2023ರಲ್ಲಿ ಮತ್ತೆ ಅದೇ ಕಥೆ, 2024ರ ಆಗಸ್ಟ್‌ವರೆಗೆ. ಆಗ ಫೈಲು ಸುಮ್ನೆ ಮೇಜಿನಿಂದ ಮೇಜಿಗೆ ಹೋಗುತ್ತಿತ್ತು. ಸೊಪ್ಪಿನ ಅಜ್ಜಿಯ ಹೆಸರು ಹೇಳಿ ಕೂಗಾಡುವವರು ಒಬ್ಬರೂ ಇರಲಿಲ್ಲ.

ನನ್ನ ಸಂಕಟ ಬೇರೆಯದು. ಕೂಗಾಟ ಎಲ್ಲಿ ಆಗಬೇಕೋ ಅಲ್ಲಿ ಆಗುವುದಿಲ್ಲ. ಮೊನ್ನೆಯ ಸಭೆಯ ವಿಷಯಪಟ್ಟಿಯ ಕೊನೆಯಲ್ಲಿ ಇನ್ನೊಂದು ವಿಷಯವಿತ್ತು. ಪುರಸಭೆ ಮಳಿಗೆಗಳ ಅವಧಿ ಮುಗಿದಿದೆ, ಮರುಹರಾಜು ಮಾಡಬೇಕು. ನಿಮ್ಮೂರಿನ ಬಸ್ ಸ್ಟ್ಯಾಂಡ್ ಪಕ್ಕದಲ್ಲೂ ಇಂಥ ಕಾಂಪ್ಲೆಕ್ಸ್ ಇರುತ್ತದೆ. ಸಣ್ಣ, ಮಧ್ಯಮ ಊರುಗಳ ಅಭಿವೃದ್ಧಿಗೆ ಅಂತ 1979-80ರಲ್ಲಿ ಶುರುವಾದ ಐಡಿಎಸ್‌ಎಂಟಿ ಅನ್ನುವ ಯೋಜನೆಯಲ್ಲಿ ಎಷ್ಟೋ ಕಡೆ ಇವನ್ನು ಕಟ್ಟಿದರು. ಊರಿಗೆ ಸ್ವಂತ ಆದಾಯ ಬರಲಿ ಅಂತ. ಸಾಮಾನ್ಯವಾಗಿ 12 ವರ್ಷ ಆದ ಮೇಲೆ ಮತ್ತೆ ಹರಾಜಾಗಬೇಕು. ಒಮ್ಮೆ ಒಳಹೊಕ್ಕವರು ಕೋರ್ಟಿನಿಂದ ತಡೆ ತರುತ್ತಾರೆ, ಇಲ್ಲವೇ ಸದಸ್ಯರ ಮನೆಗೆ ಹೋಗುತ್ತಾರೆ. ಕೆಲವರು ಎಲ್ಲಿಗೂ ಹೋಗಬೇಕಾಗಿಲ್ಲ, ಸಭೆಯಲ್ಲೇ ಅವರ ಭಾವಮೈದ ಕೂತಿರುತ್ತಾನೆ.

ಅಂಥ ಮಳಿಗೆಯಲ್ಲಿ ನನ್ನ ಗೆಳೆಯ ಒಬ್ಬ ಟೈಲರ್ ಇದ್ದಾನೆ. ಮಳಿಗೆ ಅವನ ಹೆಸರಲ್ಲಿಲ್ಲ, ಒಳಬಾಡಿಗೆ. ತಿಂಗಳಿಗೆ 6,000 ಕೊಡುತ್ತಾನೆ. ಆ ಮಳಿಗೆಯಿಂದ ಪುರಸಭೆಗೆ ಬರುವುದು 700. ನಡುವೆ 5,300 ಯಾರದೋ ಜೇಬಿಗೆ. ವರ್ಷಕ್ಕೆ 63,600 ರೂಪಾಯಿ. ಆ ದಿನ ಮನೆಗೆ ಬಂದು ಕ್ಯಾಲೆಂಡರಿನ ಹಿಂದೆ ಲೆಕ್ಕ ಹಾಕಿದೆ. ಸಂತೆಯಲ್ಲಿ 5 ರೂಪಾಯಿ ಏರಿಸಿ ಇಷ್ಟೇ ದುಡ್ಡು ಹುಟ್ಟಿಸಬೇಕಾದರೆ, ವರ್ಷದ 52 ವಾರವೂ ತಪ್ಪದೆ 245 ಬುಟ್ಟಿಗಳಿಂದ ಆ ಐದೈದು ರೂಪಾಯಿ ಎತ್ತಬೇಕು. ಒಂದು ಮಳಿಗೆಗೆ ಇದು. ಆ ಸಾಲಿನಲ್ಲಿ ಮಳಿಗೆ ಒಂದೇ ಇಲ್ಲ.

ಸಭೆಯಲ್ಲಿ ಆ ವಿಷಯ ಬಂದಾಗ ಮಧ್ಯಾಹ್ನ ಎರಡು ದಾಟಿತ್ತು. ಅರ್ಧ ಕುರ್ಚಿ ಖಾಲಿ. ವಿಷಯ ಓದಿದರು. ಯಾರೂ ಮೇಜು ಕುಟ್ಟಲಿಲ್ಲ. "ಮುಂದಿನ ಸಭೆಗೆ ಇಡೋಣ" ಅಂತ ಒಂದು ದನಿ ಬಂತು. ಯಾರು ಅಂದದ್ದು ಅಂತ ನನಗೂ ಕಾಣಲಿಲ್ಲ, ವರದಿಗಾರರು ಆಗಲೇ ಬ್ಯಾಗು ತಗೊಂಡು ಹೋಗಿದ್ದರು. ಹಳೆಯ ನಡಾವಳಿ ತೆಗೆಸಿ ನೋಡಿದೆ. ಹೀಗೆ ಮುಂದೆ ಹೋಗಿದ್ದು ಅದು ನಾಲ್ಕನೇ ಸಲ.

ಮುಂದಿನ ಸಭೆಯ ನೋಟಿಸ್ ಈಗ ಬಂದಿದೆ. ಮಳಿಗೆ ವಿಷಯ ಮತ್ತೆ ಪಟ್ಟಿಯ ಕೊನೆಯಲ್ಲೇ ಇದೆ. ನಿನ್ನೆ ಟೈಲರ್ ಅಂಗಡಿಗೆ ಹೋಗಿ, "ಬಾರೋ, ನಾಲ್ಕನೇ ಕುರ್ಚಿ ಖಾಲಿ ಇದೆ, ಇಬ್ಬರೂ ಕೂತು ಕೇಳೋಣ" ಅಂದೆ. ಅವನು ಹೊಲಿಗೆ ನಿಲ್ಲಿಸಲಿಲ್ಲ. "ನಾನು ಅಲ್ಲಿ ಕೂತಿದ್ದು ಕಂಡ್ರೆ ಸಂಜೆಗೆ ಅಂಗಡಿ ಬಿಡು ಅಂತಾರೆ ಮಾರಾಯ. ನೀನೇ ಹೋಗಿ ಕೇಳ್ಕೊಂಡು ಬಾ" ಅಂದ.

ಸಭೆ ಬೆಳಿಗ್ಗೆ ಹನ್ನೊಂದಕ್ಕೆ. ಈ ಸಲ ಊಟದ ಡಬ್ಬಿ ತಗೊಂಡು ಹೋಗುತ್ತೇನೆ. ನಮಸ್ಕಾರ.