ಆಟ ಮುಗಿದರೂ ನಾಯಿ ಮುಗಿಸುವುದಿಲ್ಲ, ಏಕೆ?

[ದೃಶ್ಯ: ಮನೆಯ ತಾರಸಿ. ಚೆಂಡು ಚೀಲದೊಳಗೆ ಹೋಗುತ್ತದೆ. ನಾಯಿ ಎರಡು ಸುತ್ತು ಓಡಿ ಬಂದು ಅಂಗಿಯ ತೋಳಿಗೆ ಬಾಯಿ ಹಾಕುತ್ತದೆ.]

ಇವನು ಕೆಂಚ. 9 ತಿಂಗಳ ಮುಧೋಳ ನಾಯಿ. 2005ರಲ್ಲಿ ಈ ತಳಿಯ ಅಂಚೆಚೀಟಿ ಬಂದಿತು. ಅಲುಗಾಡದೆ ನಿಂತ ಮುಧೋಳವನ್ನು ನಾನು ಕಂಡಿದ್ದು ಅದರ ಮೇಲೆ ಮಾತ್ರ.

“ಇನ್ನಷ್ಟು ಓಡಿಸು, ಸುಸ್ತಾಗಿ ಮಲಗುತ್ತಾನೆ” ಎಂದು ಎಲ್ಲರೂ ಹೇಳಿದರು. ಓಡಿಸಿದೆ. ಅವನ ದಮ್ಮು ಬೆಳೆಯಿತು, ನನ್ನದು ಮುಗಿಯಿತು.

ಮುಧೋಳ ಕಣ್ಣಿನಿಂದ ಗುರಿ ಹಿಡಿದು ಬೆನ್ನಟ್ಟುವ ಬೇಟೆನಾಯಿ. ಅವನ ಪಾಲಿಗೆ ಚೆಂಡೆಂದರೆ ಮೊಲ. ಆ ಮೊಲ ಕಣ್ಣೆದುರೇ ಚೀಲದೊಳಗೆ ಮಾಯವಾದರೆ ಓಡುವ ಇನ್ನೊಂದನ್ನು ಹುಡುಕುತ್ತಾನೆ: ನನ್ನ ತೋಳು, ಮಗಳ ದುಪಟ್ಟಾ. ಬೇರೆ ತಳಿಯ ಮರಿಗಳದ್ದೂ ಹೆಚ್ಚುಕಡಿಮೆ ಇದೇ ಪಾಡು. ಮೈಯಲ್ಲಿ ಏರಿದ ಕಾವು ಇಳಿಯಲು ಹೊತ್ತು ಬೇಕು.

[ದೃಶ್ಯ: ತಾರಸಿಯ ಗಿಡಗಳ ನಡುವೆ ಕಾಳಿನಂತಹ ನಾಯಿ ಆಹಾರ ಚೆಲ್ಲುವ ಕೈ.]

ಆದ್ದರಿಂದ ಆಟವನ್ನು ಥಟ್ಟನೆ ಕತ್ತರಿಸಬೇಡಿ. ಕೊನೆಯ 5 ನಿಮಿಷ ಚೆಂಡನ್ನು ಎಸೆಯದೆ ನೆಲದ ಮೇಲೆ ಮೆಲ್ಲಗೆ ಉರುಳಿಸಿ. ಬಾಯಿಂದ ಕಸಿದುಕೊಳ್ಳದೆ, ತಿನಿಸು ತೋರಿಸಿ ಬಿಡಿಸಿಕೊಳ್ಳಿ. “ಸಾಕು” ಎಂದು ಒಂದೇ ಸಲ, ಮೆಲುದನಿಯಲ್ಲಿ ಹೇಳಿ, ಅವನ ದಿನದ ಆಹಾರದಿಂದಲೇ ಒಂದು ಹಿಡಿ ಚೆಲ್ಲಿ. ಮೂಗು ನೆಲಕ್ಕಿಳಿದಂತೆ ಕಾಲೂ ನಿಧಾನವಾಗುತ್ತದೆ. ಪೂರ್ತಿ ಊಟ ಮಾತ್ರ ಆಗಲೇ ಬೇಡ. ಎದೆ ಆಳವಾಗಿರುವ ತಳಿಗಳಲ್ಲಿ ಹೊಟ್ಟೆ ಉಬ್ಬಿ ಪ್ರಾಣಕ್ಕೇ ಕುತ್ತಾಗಬಹುದು.

[ದೃಶ್ಯ: ಮಡಿಸಿದ ಹಳೆಯ ಕಂಬಳಿ.]

ನಿಜವಾದ ಪಾಠ ಇರುವುದು ಈ ಕಂಬಳಿಯಲ್ಲಿ. ಇದನ್ನು ಆಟವಾದ ಮೇಲೆ ಕಲಿಸಲು ಹೊರಟು ನಾನು ಎರಡು ವಾರ ಹಾಳು ಮಾಡಿಕೊಂಡೆ. ಮನೆ ತಣ್ಣಗಿರುವ ಮಧ್ಯಾಹ್ನ ಶುರು ಮಾಡಿ. ಕಂಬಳಿಯ ಮೇಲೆ ಕಾಲಿಟ್ಟರೆ ಒಂದು ಚೂರು ತಿನಿಸು. ಮಲಗಿದರೆ ಮತ್ತೊಂದು, ಅದನ್ನು ಕೈಯಿಂದ ತಿನ್ನಿಸದೆ ಮುಂಗಾಲುಗಳ ನಡುವೆ ಇಡಿ. ಕೈಯಿಂದ ಕೊಟ್ಟರೆ ಕೈಯನ್ನೇ ಕಾಯುತ್ತಾ ಎದ್ದು ಬರುತ್ತಾನೆ. ನೆಲದಲ್ಲಿಟ್ಟರೆ ತಲೆ ಕೆಳಗೇ ಉಳಿಯುತ್ತದೆ. ದಿನಕ್ಕೆರಡು ಬಾರಿ, ಮೂರ್ನಾಲ್ಕು ನಿಮಿಷ ಸಾಕು. ತಾನಾಗಿಯೇ ಬಂದು ಮಲಗುವುದು ರೂಢಿಯಾದ ಮೇಲೆ ಅರ್ಧ ನಿಮಿಷ ಆಟ, ಮತ್ತೆ ಕಂಬಳಿ. ನಂತರ ಒಂದು ನಿಮಿಷ, ಎರಡು ನಿಮಿಷ.

ನಡುವೆ ಕೆಡುವ ದಿನಗಳೂ ಇರುತ್ತವೆ. ಹಾರಿದಾಗ ಗದರಿದರೆ, ತಳ್ಳಿದರೆ, ಅವನಿಗೆ ಆಟ ಮುಂದುವರಿದಂತೆಯೇ. ಮಾತಿಲ್ಲದೆ ಬಾಗಿಲಾಚೆ ಹೋಗಿ ಅರೆ ನಿಮಿಷ ನಿಂತು ಬನ್ನಿ. ಸಂಜೆಯಾದಂತೆ ಕಚ್ಚಾಟ ಜೋರಾಗುವ ಮರಿಗೆ ಬೇಕಿರುವುದು ಇನ್ನೊಂದು ಸುತ್ತಿನ ಓಟವಲ್ಲ, ನಿದ್ದೆ. ಪುಟ್ಟ ಮರಿಗಳು ದಿನಕ್ಕೆ 16ರಿಂದ 18 ಗಂಟೆ ಮಲಗಬೇಕು. ಮದುವೆಮನೆಯಲ್ಲಿ ನಿದ್ದೆಗೆಟ್ಟ ಮಗುವಿನ ರಂಪವನ್ನು ನೋಡಿದ್ದೀರಲ್ಲ, ಇದೂ ಅದೇ.

[ದೃಶ್ಯ: ತಾರಸಿಯ ತಂತಿಯ ಮೇಲೆ ಒಣಗುತ್ತಿರುವ ಕಂಬಳಿ.]

ನಿನ್ನೆ ಕಂಬಳಿ ಒಗೆದು ಹಾಕಿದ್ದೆ. ಆಟವಾದ ಮೇಲೆ “ಸಾಕು” ಎಂದೆ. ಕೆಂಚ ಅತ್ತಿತ್ತ ಹುಡುಕಿದ. ಕೊನೆಗೆ ನೀರು ತೊಟ್ಟಿಕ್ಕುತ್ತಿದ್ದ ಕಂಬಳಿಯ ಕೆಳಗೇ ಹೋಗಿ ಮಲಗಿದ.